ಅಳಿಯನ ಮೇಪಲ್, ಮಾವನ ರೂಪಾಯಿ

ನಾನು ಚಿಕ್ಕಜಾಲಕ್ಕೆ ಹೋದದ್ದು ನಾಣ್ಯ ನೋಡುವುದಕ್ಕಿಂತ ಹೆಚ್ಚಾಗಿ ಒಂದು ಜಗಳ ಕೇಳುವುದಕ್ಕೆ. ಅಂಚೆ ಇಲಾಖೆಯಿಂದ ನಿವೃತ್ತರಾದ ಮಾವ ಮತ್ತು ಕೆನಡಾದಲ್ಲಿರುವ ಅಳಿಯನ ನಡುವೆ ವರ್ಷಗಳಿಂದ ನಡೆದಿರುವ ಜಗಳ ಅದು. ಆಸ್ತಿಯದ್ದಲ್ಲ, ವರದಕ್ಷಿಣೆಯದ್ದೂ ಅಲ್ಲ. ಬೆಳ್ಳಿ ನಾಣ್ಯ ಕೊಂಡರೆ ನಮ್ಮ ದೇಶದ್ದು ಕೊಳ್ಳಬೇಕೋ, ಹೊರದೇಶದ್ದೋ ಎಂಬುದು.

ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ವಿಮಾನ ನಿಲ್ದಾಣಕ್ಕೆ ಓಡುವವರಿಗೆ ಚಿಕ್ಕಜಾಲ ಎಂದರೆ ಕಿಟಕಿಯಾಚೆ ಸರಿದುಹೋಗುವ ಒಂದು ಫಲಕ. ಪಾಳುಬಿದ್ದ ಕೋಟೆ ಇದೆ, ಕಲ್ಯಾಣಿ ಇದೆ. ಇಳಿದು ನೋಡುವವರು ಕಡಿಮೆ. ಮಾವನವರ ಮನೆ ಊರೊಳಗೆ. ಹೆಸರು ಹಾಕಬೇಡಿ ಎಂದು ಮೊದಲೇ ಷರತ್ತು ಹಾಕಿದರು. ಬೆಳ್ಳಿಯ ದರ ಈಗ ಇರುವ ಮಟ್ಟಕ್ಕೆ ಅದು ನ್ಯಾಯವಾದ ಷರತ್ತೇ. ಆದ್ದರಿಂದ ಇಲ್ಲಿ ಅವರು ಬರೀ ‘ಮಾವನವರು’.

ಮಾವನವರ ಬೀರುವಿನಲ್ಲಿ ಎರಡು ಪೆಟ್ಟಿಗೆ. ಒಂದು ತೇಗದ್ದು, ಚೆನ್ನಾಗಿ ಉಜ್ಜಿ ಇಟ್ಟದ್ದು. ಇನ್ನೊಂದು ಬಿಸ್ಕತ್ತಿನ ಡಬ್ಬ. ತೇಗದ ಪೆಟ್ಟಿಗೆಯಲ್ಲಿ ಭಾರತ ಸರ್ಕಾರದ ಟಂಕಸಾಲೆಗಳಿಂದ ಬಂದ ಸ್ಮರಣಾರ್ಥ ನಾಣ್ಯಗಳು, ಅವುಗಳ ಕೆಳಗೆ ಮಖಮಲ್ಲಿನ ಮೇಲೆ ಹಳೆಯ ಬೆಳ್ಳಿ ರೂಪಾಯಿಗಳು. ಬಿಸ್ಕತ್ತಿನ ಡಬ್ಬದಲ್ಲಿ ಅಳಿಯ ಪ್ರತಿ ಸಲ ಬರುವಾಗ ತಂದುಕೊಟ್ಟ ಕೆನಡಾದ ಮೇಪಲ್ ಲೀಫ್, ಅಮೆರಿಕದ ಈಗಲ್, ಒಂದು ಬ್ರಿಟಾನಿಯಾ. ಅಳಿಯ ಕೊಟ್ಟದ್ದನ್ನು ಬೇಡ ಎನ್ನುವ ಹಾಗಿಲ್ಲ. ಎಲ್ಲಿಡಬೇಕು ಎಂಬುದು ಮಾತ್ರ ಮಾವನ ಕೈಯಲ್ಲಿದೆ.

ಇಬ್ಬರ ವಾದದಲ್ಲೂ ತೂಕವಿದೆ, ಅಕ್ಷರಶಃ. ಅಳಿಯನ ನಾಣ್ಯಗಳೆಲ್ಲ ಒಂದು ಟ್ರಾಯ್ ಔನ್ಸ್, ಅಂದರೆ 31.1 ಗ್ರಾಂ. 1986ರಲ್ಲಿ ಶುರುವಾದ ಅಮೆರಿಕದ ಈಗಲ್‌ನಲ್ಲಿ 99.9ರಷ್ಟು ಬೆಳ್ಳಿ, 1988ರಲ್ಲಿ ಬಂದ ಮೇಪಲ್ ಲೀಫ್‌ನಲ್ಲಿ 99.99. ಬ್ರಿಟಾನಿಯಾ 1997ರಲ್ಲಿ ಶುರುವಾದಾಗ 95.8 ಇತ್ತು, 2013ರಿಂದ ಅದೂ 99.9 ಆಯಿತು. ನಮ್ಮ ಕಡೆ ನೋಡಿದರೆ ನೂರು ರೂಪಾಯಿ ಮುಖಬೆಲೆಯ ಸ್ಮರಣಾರ್ಥ ನಾಣ್ಯ 44 ಮಿಲಿಮೀಟರ್ ಅಗಲ, 35 ಗ್ರಾಂ ತೂಕ, ಕೈಗೆ ಭಾರವಾಗಿ ಕೂರುತ್ತದೆ. ಆದರೆ ಬೆಳ್ಳಿ ಅರ್ಧ ಮಾತ್ರ. ಉಳಿದದ್ದರಲ್ಲಿ 40 ಪಾಲು ತಾಮ್ರ, ಐದೈದು ಪಾಲು ನಿಕ್ಕಲ್ ಮತ್ತು ಸತು. “ಮಾವ, ನೀವು ದುಡ್ಡು ಕೊಟ್ಟು ತಗೊಳ್ಳೋದು ಅರ್ಧ ತಾಮ್ರದ ಚೊಂಬು” ಎಂದು ಅಳಿಯ ಒಮ್ಮೆ ಊಟಕ್ಕೆ ಕುಳಿತಾಗ ಅಂದದ್ದು ಈ ಮನೆಯಲ್ಲಿ ಇನ್ನೂ ಯಾರೂ ಮರೆತಿಲ್ಲ.

ಮಾವನವರ ಉತ್ತರ ಕೇಳಬೇಕು. “ಅಮೆರಿಕದ ನಾಣ್ಯ ನೋಡಿ ಸಾರ್. ಪ್ರತಿ ವರ್ಷ ಅದೇ ಹೆಂಗಸು, ಅದೇ ಸೂರ್ಯ, ಅದೇ ನಡಿಗೆ. ಇಸವಿ ಮಾತ್ರ ಬೇರೆ. ಒಂದು ಕೊಂಡ್ರೆ ಎಲ್ಲಾ ಕೊಂಡ ಹಾಗೆ.” ಮಾತು ಸುಳ್ಳಲ್ಲ. ಆ ಹೆಂಗಸು ಅಡಾಲ್ಫ್ ವೈನ್‌ಮನ್ 1916ರ ಅರ್ಧ ಡಾಲರಿಗೆ ಬಿಡಿಸಿದ್ದ ಲಿಬರ್ಟಿ. ಹಿಂಬದಿಯ ಹದ್ದು ಕೂಡ ಮೊದಲ ಸಲ ಬದಲಾದದ್ದು 2021ರಲ್ಲಿ. ಅಳಿಯನ ಪಾಲಿಗೆ ಅದೇ ಅದರ ಗುಣ: ಎಲ್ಲರಿಗೂ ಗುರುತು ಸಿಗುವ ನಾಣ್ಯ, ಲೋಹದ ಬೆಲೆಗೆ ತೀರ ದೂರವಲ್ಲದ ಬೆಲೆ, ಟೊರಾಂಟೊದಲ್ಲಾಗಲಿ ಲಂಡನ್ನಿನಲ್ಲಾಗಲಿ ಪ್ರಶ್ನೆಯಿಲ್ಲದೆ ಮಾರಾಟ. ಅವನು ಕೂಡಿಡುವುದು ಬೆಳ್ಳಿಯನ್ನು, ಇವರು ಕೂಡಿಡುವುದು ನಾಣ್ಯವನ್ನು. ಹೀಗಿರುವಾಗ ಜಗಳ ಮುಗಿಯುವುದಾದರೂ ಹೇಗೆ?

ತೇಗದ ಪೆಟ್ಟಿಗೆಯಿಂದ ಅವರು ಮೊದಲು ತೆಗೆದದ್ದು 2006ರ ನೂರು ರೂಪಾಯಿ, ಮಹಾತ್ಮ ಬಸವೇಶ್ವರರ ನಾಣ್ಯ. ಅದೇ ವರ್ಷ ಬಂದ ಬಸವಣ್ಣನ ಐದು ರೂಪಾಯಿ ನಮ್ಮ ನಿಮ್ಮ ಜೇಬಿನಲ್ಲೂ ಓಡಾಡಿರಬಹುದು. ನೂರರದ್ದು ಟಂಕಸಾಲೆಗೆ ಹಣ ಕಟ್ಟಿದವರಿಗೆ ಮಾತ್ರ. ಆಗ ಪದ್ಧತಿ ಹೀಗಿತ್ತಂತೆ: ಪತ್ರಿಕೆಯಲ್ಲಿ ಪ್ರಕಟಣೆ ನೋಡಬೇಕು, ಅರ್ಜಿ ತುಂಬಬೇಕು, ಬ್ಯಾಂಕಿನಲ್ಲಿ ಡಿಡಿ ತೆಗೆಸಿ ಅಂಚೆಗೆ ಹಾಕಬೇಕು, ಆಮೇಲೆ ತಿಂಗಳುಗಟ್ಟಲೆ ಮರೆತುಬಿಡಬೇಕು. ಒಂದು ದಿನ ಅರಗಿನ ಮುದ್ರೆಯ ಪಾರ್ಸೆಲ್ ಬರುತ್ತದೆ. ಇಂಥ ಪಾರ್ಸೆಲ್ಲುಗಳನ್ನು ಯಲಹಂಕದ ಬ್ಯಾಂಕ್ ಅಧಿಕಾರಿಯೊಬ್ಬರಿಗೆ ಸಹಿ ಹಾಕಿಸಿ ಕೊಡುತ್ತಾ ಕೊಡುತ್ತಾ, ಒಳಗೆ ಏನಿರುತ್ತದೆ ಎಂಬ ಕುತೂಹಲಕ್ಕೇ ಮಾವನವರು ಈ ಹುಚ್ಚಿಗೆ ಬಿದ್ದದ್ದು. ಆ ಅಧಿಕಾರಿ ಪೆಟ್ಟಿಗೆ ಬಿಚ್ಚಿ ತೋರಿಸದೇ ಹೋಗಿದ್ದರೆ ಈ ಲೇಖನವೂ ಇರುತ್ತಿರಲಿಲ್ಲ.

ಈಗ ಬುಕಿಂಗ್ ಎಲ್ಲ ಆನ್‌ಲೈನ್. ಒಟಿಪಿ ಬರುವ ಹೊತ್ತಿಗೆ ಕನ್ನಡಕ ಹುಡುಕಬೇಕು, ಕನ್ನಡಕ ಸಿಗುವ ಹೊತ್ತಿಗೆ ಒಟಿಪಿ ಹೋಗಿರುತ್ತದೆ. ಅದಕ್ಕೆ ಅಳಿಯನೇ ಕೆನಡಾದಿಂದ ಬುಕ್ ಮಾಡಿಕೊಡುತ್ತಾನೆ ಎಂಬುದನ್ನು ಮಗಳು ಗುಟ್ಟಾಗಿ ಹೇಳಿದಳು.

ನಾಣ್ಯವನ್ನು ಅವರು ಪರೀಕ್ಷಿಸುವುದು ನೋಡಲು ಚೆಂದ. ಅಂಚನ್ನು ಮಾತ್ರ ಹಿಡಿಯುತ್ತಾರೆ, ಮುಖಕ್ಕೆ ಬೆರಳು ತಾಗಿಸುವುದಿಲ್ಲ. ಬೆವರಿನ ಗುರುತು ವರ್ಷಗಳ ನಂತರ ಕಪ್ಪಾಗಿ ಏಳುತ್ತದೆ. ಇಸವಿಯ ಕೆಳಗೆ ಭೂತಗನ್ನಡಿ: ವಜ್ರದಾಕಾರ ಇದ್ದರೆ ಮುಂಬೈ, ನಕ್ಷತ್ರ ಇದ್ದರೆ ಹೈದರಾಬಾದ್, ಚುಕ್ಕೆ ಇದ್ದರೆ ನೊಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಆಮೇಲೆ ಅಕ್ಕಸಾಲಿಗರ ಪುಟ್ಟ ತಕ್ಕಡಿ. ಆಮೇಲೆ ಅಳತೆಯ ಕ್ಯಾಲಿಪರ್. ಬೆಳ್ಳಿಯ ತೂಕಕ್ಕೆ ತಕ್ಕ ಗಾತ್ರವನ್ನು ಬೇರೆ ಅಗ್ಗದ ಲೋಹದಲ್ಲಿ ತರುವುದು ಕಷ್ಟ. ತೂಕ ಸರಿಮಾಡಿದರೆ ದಪ್ಪ ಹೆಚ್ಚುತ್ತದೆ. ಕೊನೆಗೆ ಗಟ್ಟಿ ಅಯಸ್ಕಾಂತ. ಬೆಳ್ಳಿಗೆ ಅದು ಅಂಟುವುದಿಲ್ಲ, ಆದರೆ ಓರೆಯಾಗಿ ಹಿಡಿದ ಬೆಳ್ಳಿಯ ಮೇಲೆ ಜಾರಿಸಿದರೆ ಸರ್ರನೆ ಜಾರದೆ, ಜೇನುತುಪ್ಪದಲ್ಲಿ ಇಳಿದಂತೆ ನಿಧಾನಕ್ಕೆ ಇಳಿಯುತ್ತದೆ.

ಇದೆಲ್ಲ ಹೊಸಕಾಲದ ಪರೀಕ್ಷೆ. ಹಳೆಯ ರೂಪಾಯಿಗೆ ಅವರದ್ದು ಒಂದೇ ಪರೀಕ್ಷೆ. ವಿಕ್ಟೋರಿಯಾ ರಾಣಿಯ ರೂಪಾಯಿಯನ್ನು ತೋರುಬೆರಳ ತುದಿಯಲ್ಲಿ ನಿಲ್ಲಿಸಿ, ಇನ್ನೊಂದು ನಾಣ್ಯದಿಂದ ಅಂಚಿಗೆ ಮೆಲ್ಲಗೆ ತಟ್ಟಿದರು. ನಾದ ಬಹಳ ಹೊತ್ತು ನಿಂತಿತು. ನೂರು ರೂಪಾಯಿಯ ಮಿಶ್ರಲೋಹದ ನಾಣ್ಯಕ್ಕೆ ಅಷ್ಟು ಉದ್ದದ ಉಸಿರಿಲ್ಲ ಎಂದು ತಾವಾಗಿಯೇ ಒಪ್ಪಿಕೊಂಡರು. ಅಳಿಯನ ಮೇಪಲ್ಲಿಗೆ ಇದೆ. ಅದನ್ನು ಮಾತ್ರ ಒಪ್ಪಿಕೊಳ್ಳಲಿಲ್ಲ. ಬದಲಿಗೆ ಡಬ್ಬದಿಂದ ಒಂದು ಮೇಪಲ್ ಎತ್ತಿ ಬೆಳಕಿಗೆ ಹಿಡಿದರು. ರಾಣಿ ಎಲಿಜಬೆತ್‌ಳ ಕೆನ್ನೆಯ ಮೇಲೆ ಹಾಲು ಚೆಲ್ಲಿ ಒಣಗಿದ ಹಾಗೆ ಬಿಳಿ ಕಲೆ. “ನಾಲ್ಕು ಒಂಬತ್ತರ ಶುದ್ಧಿ ಅಂತಾನಲ್ಲ, ನೋಡಿ ಇದನ್ನ!” ಸಂಗ್ರಾಹಕರ ಲೋಕದಲ್ಲಿ ಈ ಕಲೆ ಕುಖ್ಯಾತ. ಬಿಲ್ಲೆಯನ್ನು ಮುದ್ರೆ ಹೊಡೆಯುವ ಮೊದಲು ತೊಳೆಯುವಾಗ ಉಳಿದ ದ್ರಾವಣ ಕಾಸುವಾಗ ಸುಟ್ಟು ಕೂರುವುದರಿಂದ ಬರುತ್ತದೆ ಎನ್ನುತ್ತಾರೆ, ಹೋಗಿಸಲು ಆಗುವುದಿಲ್ಲ. ಕೆನಡಾದ ಟಂಕಸಾಲೆಯೇ 2018ರಿಂದ ಇದನ್ನು ತಡೆಯಲು ಹೊಸ ವಿಧಾನ ತಂದಿತು. ಲೋಹದ ಬೆಲೆಗೆ ಕೊಳ್ಳುವವನಿಗೆ ಈ ಕಲೆ ಲೆಕ್ಕಕ್ಕಿಲ್ಲ. ಮಾವನವರಿಗೆ ಅದು ದೊಡ್ಡ ಗೆಲುವು.

ಅಳಿಯನಿಗೆ ಇನ್ನೊಂದು ಏಟು ಬಿದ್ದದ್ದು ನಗರ್ತಪೇಟೆಯಲ್ಲಿ. ಈಗಲ್ ಒಂದನ್ನು ಮಾರಿ ನೋಡೋಣ ಎಂದು ಒಯ್ದರೆ ಅಂಗಡಿಯವರು ತೂಗಿ, ಬೆಳ್ಳಿಯ ದರ ಹೇಳಿದರು, ಅಷ್ಟೇ. ಅಮೆರಿಕದ ಸರ್ಕಾರ ಅದರ ಮೇಲೆ ಒಂದು ಡಾಲರ್ ಎಂದು ಬರೆದದ್ದಕ್ಕೂ, ಕೊಳ್ಳುವಾಗ ಲೋಹದ ಮೇಲೆ ಹೆಚ್ಚಿಗೆ ಕೊಟ್ಟದ್ದಕ್ಕೂ ಅಲ್ಲಿ ಬೆಲೆಯಿಲ್ಲ. ಜತೆಗೆ ಸುಂಕದ ತಾಪತ್ರಯ. ವಿಮಾನ ನಿಲ್ದಾಣ ಮನೆಯ ಹತ್ತಿರವೇ ಇರಬಹುದು, ಆದರೆ ಆಭರಣವಲ್ಲದ ಬೆಳ್ಳಿಗೆ ಬ್ಯಾಗೇಜ್ ವಿನಾಯಿತಿ ಇಲ್ಲ. ತಂದವರು ಕಸ್ಟಮ್ಸ್‌ನಲ್ಲಿ ಹೇಳಿ ಸುಂಕ ಕಟ್ಟಬೇಕು. ಇನ್ನು ಬಸವಣ್ಣನ ನೂರು ರೂಪಾಯಿಯನ್ನು ಟೊರಾಂಟೊಗೆ ಒಯ್ದರೆ ಅಲ್ಲಿನ ಅಂಗಡಿಯವನು ಅದನ್ನೂ ಅರ್ಧ ತಾಮ್ರವೆಂದೇ ತೂಗುತ್ತಾನೆ.

ಇತಿಹಾಸ ಕೆದಕಿದರೆ ಈ ಭಾಗದ ಜನಕ್ಕೆ ಹೊರದೇಶದ ಬೆಳ್ಳಿ ಹೊಸದಲ್ಲ. 1891ರಲ್ಲಿ ಯಶವಂತಪುರದಲ್ಲಿ ರೈಲ್ವೆ ಕೆಲಸಕ್ಕೆ ನೆಲ ಅಗೆಯುವಾಗ ನೂರೈವತ್ತಕ್ಕೂ ಹೆಚ್ಚು ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿದ್ದವು. ಅಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಚಕ್ರವರ್ತಿಗಳ ಡಿನೇರಿಯಸ್‌ಗಳು ಅವು. ನಂತರ ಎಚ್‌ಎಎಲ್ ಪ್ರದೇಶದಲ್ಲೂ ಇಂಥದೇ ನಿಧಿ ಸಿಕ್ಕಿತು. ದಕ್ಷಿಣ ಭಾರತದ ನಿಧಿಗಳಲ್ಲಿ ಹೆಚ್ಚಾಗಿ ಸಿಗುವುದು ಅಗಸ್ಟಸ್ ಮತ್ತು ಟೈಬೀರಿಯಸ್ ಕಾಲದ ಬೆಳ್ಳಿ. ಕ್ರಿ.ಶ. 64ರ ಸುಮಾರಿಗೆ ನೀರೋ ಚಕ್ರವರ್ತಿ ನಾಣ್ಯದ ತೂಕವನ್ನೂ ಶುದ್ಧಿಯನ್ನೂ ಇಳಿಸಿದ ಮೇಲೆ ನಮ್ಮ ವ್ಯಾಪಾರಿಗಳು ಹೊಸದನ್ನು ಬಿಟ್ಟು ಹಳೆಯದನ್ನೇ ಕೇಳುತ್ತಿದ್ದರು ಎಂದು ವಿದ್ವಾಂಸರು ವಿವರಿಸುತ್ತಾರೆ. ಅಂದರೆ ಅಳಿಯನ ಪಕ್ಷದವರು ಇಲ್ಲಿ ಎರಡು ಸಾವಿರ ವರ್ಷದಿಂದ ಇದ್ದಾರೆ.

ಹಾಗೆ ನೋಡಿದರೆ ಮಾವನವರ ಪಕ್ಷ ಈಚಿನದು. ವಿಜಯನಗರದ ಕಾಲಕ್ಕೆ ಇಲ್ಲಿ ಮೆರೆದದ್ದು ಚಿನ್ನದ ವರಹ, ಹಣ. ಬೆಳ್ಳಿಯ ಪುಟಾಣಿ ತಾರ ಚಿಲ್ಲರೆಗೆ. ದೊಡ್ಡ ಬೆಳ್ಳಿಯನ್ನು ಮೈಸೂರು ಸೀಮೆಯಲ್ಲಿ ಠೀವಿಯಿಂದ ಅಚ್ಚುಹಾಕಿಸಿದವನು ಟಿಪ್ಪು. ಎರಡು ರೂಪಾಯಿಯ ನಾಣ್ಯಕ್ಕೆ ಹೈದರಿ, ಒಂದಕ್ಕೆ ಇಮಾಮಿ ಎಂದು ಹೆಸರಿಟ್ಟಿದ್ದ. 1835ರಲ್ಲಿ ಕಂಪನಿ ಸರ್ಕಾರ ತೊಲ ತೂಕದ, 11.66 ಗ್ರಾಮಿನ, 91.7ರ ಶುದ್ಧಿಯ ರೂಪಾಯಿಯನ್ನು ಗಟ್ಟಿ ಮಾಡಿತು. ಅದು 1940ರಲ್ಲಿ ಅರ್ಧ ಬೆಳ್ಳಿಗೆ ಇಳಿಯಿತು, 1947ರ ರೂಪಾಯಿ ನಿಕ್ಕಲ್ಲಿನದ್ದಾಯಿತು. ಸ್ವತಂತ್ರ ಭಾರತದಲ್ಲಿ ಬೆಳ್ಳಿ ಮರಳಿದ್ದು 1969ರ ಗಾಂಧಿ ಶತಮಾನೋತ್ಸವದ ಹತ್ತು ರೂಪಾಯಿಯಲ್ಲಿ: 15 ಗ್ರಾಂ, 80ರ ಶುದ್ಧಿ.

ನನಗೆ ಎಲ್ಲಕ್ಕಿಂತ ಹಿಡಿಸಿದ ಕಥೆ ಮೊದಲ ಮಹಾಯುದ್ಧದ್ದು. ಭಾರತದಲ್ಲಿ ರೂಪಾಯಿಗೆ ಬೆಳ್ಳಿಯೇ ಸಾಲದಾಯಿತು. 1917ರಲ್ಲಿ ಒಂದು ರೂಪಾಯಿಯ ಕಾಗದದ ನೋಟು ಬಂತು. 1918ರಲ್ಲಿ ಅಮೆರಿಕ ಪಿಟ್‌ಮನ್ ಕಾಯ್ದೆ ಮಾಡಿ ತನ್ನ ಖಜಾನೆಯಲ್ಲಿದ್ದ ಸುಮಾರು 27 ಕೋಟಿ ಬೆಳ್ಳಿ ಡಾಲರುಗಳನ್ನು ಕರಗಿಸಿತು. ಬಹುಪಾಲು ಬೆಳ್ಳಿ ಬ್ರಿಟನ್ನಿನ ಮೂಲಕ ಇಲ್ಲಿನ ಟಂಕಸಾಲೆಗಳಿಗೆ ಬಂತು. ಇದನ್ನು ಹೇಳಿ ಮಾವನವರು 1919ರ ಜಾರ್ಜ್ ರೂಪಾಯಿಯನ್ನು ನನ್ನ ಅಂಗೈಗೆ ಹಾಕಿದರು. “ಇದು ನಮ್ದು ಅಂತ ಹೇಳ್ತೀನಿ. ಹೊಟ್ಟೆಯೊಳಗೆ ಡಾಲರ್ ಇದ್ರೂ ಇರಬಹುದು. ಅಳಿಯಂಗೆ ಇದನ್ನ ಹೇಳಿಲ್ಲ, ನೀವೂ ಹೇಳಬೇಡಿ.” ಅಳಿಯ ಭಾನುವಾರದ ಪುರವಣಿ ಓದುವುದಿಲ್ಲ ಎಂಬ ಭರವಸೆಯ ಮೇಲೆ ಬರೆಯುತ್ತಿದ್ದೇನೆ.

ಮನೆಯೊಡತಿ ಈ ಜಗಳದಲ್ಲಿ ಯಾರ ಕಡೆಯೂ ಇಲ್ಲ. ವರಮಹಾಲಕ್ಷ್ಮಿ ಹಬ್ಬಕ್ಕೆ ಕಳಶದ ಮುಂದೆ ಅವರು ಇಡುವುದು ತಮ್ಮ ಅತ್ತೆ ಕೊಟ್ಟ ವಿಕ್ಟೋರಿಯಾ ರೂಪಾಯಿಗಳನ್ನು. ಹದ್ದಿನ ನಾಣ್ಯ ಇಡಿ ಎಂದು ಅಳಿಯ ತಮಾಷೆ ಮಾಡಿದರೆ, “ಹದ್ದನ್ನ ಪೂಜೆಗಿಡ್ತಾರೇನಪ್ಪಾ?” ಎಂದು ನಗುತ್ತಾರೆ. ಪರದೇಶದ ರಾಣಿಯ ತಲೆಗೆ ಅರಿಶಿನ ಕುಂಕುಮ ಹಚ್ಚುವಾಗ ಈ ಪ್ರಶ್ನೆ ಯಾರಿಗೂ ಏಳುವುದಿಲ್ಲ. ಮಾವನವರಿಗೆ ಇರುವ ಒಂದೇ ಸಂಕಟವೆಂದರೆ ಹಬ್ಬದ ಹಿಂದಿನ ದಿನ ಆ ನಾಣ್ಯಗಳಿಗೆ ಹುಣಸೆಹಣ್ಣು, ವಿಭೂತಿ ಹಾಕಿ ತಿಕ್ಕುವುದು. ಥಳಥಳ ಹೊಳೆಯುತ್ತವೆ, ಸಂಗ್ರಾಹಕನ ಬೆಲೆ ಅಲ್ಲಿಗೆ ಮುಗಿಯುತ್ತದೆ. ನೂರು ವರ್ಷ ಕಾಲ ಹಚ್ಚಿದ ನೀಲಿಗಪ್ಪು ಬಣ್ಣವೇ ಕೊಳ್ಳುವವರು ಹುಡುಕುವುದು.

ಶಿಕ್ಷಕರ ಸದನದಲ್ಲಿ ನಡೆಯುವ ನಾಣ್ಯದರ್ಶಿನಿ ಪ್ರದರ್ಶನಗಳಿಗೆ ಮಾವನವರು ಬಸ್ಸು ಹತ್ತಿ ಹೋಗುತ್ತಿದ್ದರು, ಈಗ ಮಂಡಿನೋವು. ಅಲ್ಲಿ ಜನ ಮುಗಿಬೀಳುವುದು ಹಳೆಯ ಸಂಸ್ಥಾನಗಳ ನಾಣ್ಯಗಳಿಗೆ, ಸರ್ಕಾರದ ಸ್ಮರಣಾರ್ಥ ಸೆಟ್ಟುಗಳಿಗೆ. ಈಗಲ್, ಮೇಪಲ್ ಕೇಳುವವರು ಹೆಚ್ಚಾಗಿ ಹೊಸ ಹುಡುಗರು ಎಂಬುದು ಅವರ ಅನುಭವ. ಅಳಿಯನ ಅರ್ಧ ತಾಮ್ರದ ಮಾತಿಗೆ ಟಂಕಸಾಲೆಯೇ ಉತ್ತರ ಕೊಟ್ಟದ್ದು 2024ರಲ್ಲಿ. ರಿಸರ್ವ್ ಬ್ಯಾಂಕಿಗೆ 90 ತುಂಬಿದಾಗ ಬಂದ 90 ರೂಪಾಯಿಯ ನಾಣ್ಯ 40 ಗ್ರಾಂ, 99.9ರ ಬೆಳ್ಳಿ. ಅಂದು ಮಾವನವರು ಅಳಿಯನಿಗೆ ತಾವಾಗಿ ಫೋನ್ ಮಾಡಿದರಂತೆ.

ನನ್ನ ತೀರ್ಪು ಕೇಳಿದರೆ: ಲೋಹವಾಗಿ ಕೂಡಿಡುವವರಿಗೆ ಅಳಿಯನ ದಾರಿ ಕೆನಡಾದಲ್ಲಿ ಸರಿ, ಚಿಕ್ಕಜಾಲದಲ್ಲಿ ನಷ್ಟ. ಇಲ್ಲಿ ಬರೀ ಬೆಳ್ಳಿ ಬೇಕಿದ್ದರೆ ಶುದ್ಧಿಯ ಮುದ್ರೆಯಿರುವ ಗಟ್ಟಿಯೇ ಸಾಕು, ನಾಣ್ಯದ ಹಂಗು ಬೇಡ. ಆದರೆ ಚಿನ್ನಕ್ಕೆ 2015ರಲ್ಲಿ ಅಶೋಕ ಚಕ್ರದ ನಾಣ್ಯ ತಂದ ಸರ್ಕಾರ, ಲೋಹದ ಬೆಲೆಗೆ ಹತ್ತಿರವಾಗಿ ವರ್ಷವರ್ಷವೂ ಸಿಗುವ ಒಂದು ಬೆಳ್ಳಿ ನಾಣ್ಯವನ್ನು ಯಾಕೆ ತರಬಾರದು? ಅದರ ಮೇಲೆ ಗಂಡಭೇರುಂಡ ಇರಲಿ ಎಂಬುದು ಮಾವನವರ ಬೇಡಿಕೆ. ಹದ್ದಿಗೆ ಅದೇ ಸರಿಯಾದ ಜವಾಬಂತೆ.

ಸದ್ಯಕ್ಕೆ ಅವರ ಚಿಂತೆ ಬೇರೆ. 2025ರ ಅಕ್ಟೋಬರಿನಲ್ಲಿ ಬೆಳ್ಳಿ ಔನ್ಸಿಗೆ 50 ಡಾಲರ್ ದಾಟಿದ ಮೇಲೆ ಸುತ್ತಲ ಊರುಗಳ ಮನೆಗಳಿಂದ ಅಜ್ಜಿಯರ ರೂಪಾಯಿಗಳು ಅಂಗಡಿಯ ಮೂಸೆಗೆ ಹೋಗುತ್ತಿವೆ. ಒಂದೊಂದರಲ್ಲೂ ಇರುವುದು ಹತ್ತೂ ಮುಕ್ಕಾಲು ಗ್ರಾಮಿಗೂ ಕಡಿಮೆ ಬೆಳ್ಳಿ. ಮಾರುವವರಿಗೆ ಅವರ ವಿನಂತಿ ಇಷ್ಟೇ: ತೂಕಕ್ಕೆ ಹಾಕುವ ಮೊದಲು ಇಸವಿ ನೋಡಿ. 1911ರದ್ದಾದರೆ ರಾಜನ ಎದೆಯ ಮೇಲಿನ ಆನೆ ಹಂದಿಯ ಹಾಗೆ ಕಾಣುತ್ತದೆಂದು ಸರ್ಕಾರ ವಾಪಸು ತರಿಸಿಕೊಂಡ ರೂಪಾಯಿ ಅದು. 1939ರದ್ದಾದರೆ ಇನ್ನೂ ಅಪರೂಪ. ಎರಡನ್ನೂ ತಿಕ್ಕಬೇಡಿ, ಕೊಂಡಿ ಬೆಸೆಸಬೇಡಿ, ಬಲ್ಲವರೊಬ್ಬರಿಗೆ ತೋರಿಸದೆ ಕೊಡಬೇಡಿ.