ಮೇಕೆ ಹಾಲಿನ ಗಾಂಧೀಜಿ, ಆಡುಗೋಡಿಯ ಹಸು

1927ರ ಮಾರ್ಚ್‌ನಲ್ಲಿ ಪ್ರವಾಸದ ನಡುವೆ ಆರೋಗ್ಯ ಕುಸಿದ ಗಾಂಧೀಜಿ, ಏಪ್ರಿಲ್‌ನಲ್ಲಿ ನಂದಿ ಬೆಟ್ಟಕ್ಕೆ ಬಂದರು. ಜೂನ್‌ನಲ್ಲಿ ಬೆಟ್ಟ ಇಳಿದು, ಮಲ್ಲೇಶ್ವರಕ್ಕೆ ಸಮೀಪದ ಕುಮಾರ ಪಾರ್ಕಿನಲ್ಲಿ ಬಿಡಾರ ಹೂಡಿದರು. ಅವರು ಮೇಕೆ ಹಾಲಿಗೆ ಒಗ್ಗಿ ಆಗಲೇ ಎಂಟು ವರ್ಷ ಕಳೆದಿತ್ತು.

ಅದರ ಹಿಂದೆ ಒಂದು ವ್ರತವಿತ್ತು. ದಕ್ಷಿಣ ಆಫ್ರಿಕದಲ್ಲಿದ್ದಾಗ, 1912ರಲ್ಲಿ ಅವರು ಹಾಲು ಬಿಟ್ಟಿದ್ದರು. ಹೆಚ್ಚು ಹಾಲು ಹಿಂಡಲು ಹಸು, ಎಮ್ಮೆಗಳಿಗೆ ಕೊಡುತ್ತಿದ್ದ ‘ಫೂಕಾ’ ಎಂಬ ಹಿಂಸೆ ಅವರ ಮನಸ್ಸನ್ನು ಕದಡಿತ್ತು. 1918ರಲ್ಲಿ ಖೇಡಾದಲ್ಲಿ ಭೇದಿಯಿಂದ ಹಾಸಿಗೆ ಹಿಡಿದ ಮೇಲೆ, ಹಾಲಿಲ್ಲದೆ ಚೇತರಿಕೆ ಕಷ್ಟವೆಂದರು ವೈದ್ಯರು. ಮೇಕೆ ಹಾಲಿಗೇನು ಅಡ್ಡಿ ಎಂದು ಕೇಳಿದವರು ಕಸ್ತೂರಬಾ. ಗಾಂಧೀಜಿ ಒಪ್ಪಿದರು. ಆದರೆ ವ್ರತದ ಅಕ್ಷರವಷ್ಟೇ ಉಳಿಯಿತೆಂಬ ಕೊರಗು ಅವರ ಆತ್ಮಕಥೆಯಲ್ಲಿ ಉಳಿದಿದೆ.

ಬೆಂಗಳೂರಿನಲ್ಲಿ ಅವರು ಕಲಿಯಲು ಕೂತದ್ದು ಮಾತ್ರ ಹಸುವಿನ ಬಗ್ಗೆ. ಆಡುಗೋಡಿಯ ಇಂಪೀರಿಯಲ್ ಪಶುಸಂಗೋಪನೆ ಮತ್ತು ಹೈನುಗಾರಿಕೆ ಸಂಸ್ಥೆ 1923ರಲ್ಲಿ ಶುರುವಾಗಿತ್ತು. ಮದನಮೋಹನ ಮಾಳವೀಯರೂ ಗಾಂಧೀಜಿಯೂ ಅಲ್ಲಿ ಸುಮಾರು ಹದಿನೈದು ದಿನ ತರಬೇತಿ ಪಡೆದರು. ವಿಲಿಯಂ ಸ್ಮಿತ್ ಆಗ ಅಲ್ಲಿನ ಹೈನುತಜ್ಞ. ಬರೀ ಭಕ್ತಿಯಿಂದ ಗೋವು ಉಳಿಯದು, ಸಾಕಣೆ ಶಾಸ್ತ್ರೀಯವಾಗಿ ನಡೆದು ಖರ್ಚು ಗಿಟ್ಟಬೇಕು ಎಂಬುದು ಗಾಂಧೀಜಿಯ ನಿಲುವು.

ನಾಡಿನ ಹೈನುಗಾರಿಕೆ ಆ ಹಾದಿಯಲ್ಲೇ ಬೆಳೆಯಿತು. 1955ರಲ್ಲಿ ಸಂಸ್ಥೆಯ ಕೇಂದ್ರ ಕರ್ನಾಲ್‌ಗೆ ಹೋಗಿ, ಆಡುಗೋಡಿ ದಕ್ಷಿಣದ ಪ್ರಾದೇಶಿಕ ಕೇಂದ್ರವಾಯಿತು. ಬಸವನಗುಡಿಯ ಬೆಳಗು ನಂದಿನಿ ಬೂತಿನ ಹಸುವಿನ ಹಾಲಿಗೆ ಒಗ್ಗಿತು.

ಮೇಕೆ?

ಬಕ್ರೀದ್ ಹತ್ತಿರವಾದಾಗ ಚಾಮರಾಜಪೇಟೆಯ ಸಂತೆಯಲ್ಲಿ ಕಾಣುವ ಮೇಕೆಗಳು ಮಾಂಸಕ್ಕೆ ಬಂದವು. ಬೆಂಗಳೂರಿಗೆ ಹತ್ತಿರದ ನಂದಿದುರ್ಗ ತಳಿಯನ್ನೂ ಹೆಚ್ಚಾಗಿ ಸಾಕುವುದು ಅದಕ್ಕೇ. ಹಾಲಿಗೆ ಹೆಸರಾದ ಜಮುನಾಪಾರಿ, ಬೀಟಲ್ ಉತ್ತರದ ತಳಿಗಳು. ಒಂದೆರಡು ಲೀಟರು ಕರೆಯುವ ಮೇಕೆಗಳು ಊರೂರಿಗೆ ಚದುರಿದ್ದರೆ ಹಾಲು ಕೂಡಿಸಿ, ತಣ್ಣಗಿಟ್ಟು ಸಾಗಿಸುವ ಖರ್ಚೇ ಹೆಚ್ಚು.

ಹಾಲಿನ ಗುಣ ಮಾತ್ರ ಕಡಿಮೆಯದಲ್ಲ. ಕೊಬ್ಬಿನ ಕಣಗಳು ಸಣ್ಣವು. ಕ್ಯಾರೋಟಿನ್ ಹೆಚ್ಚುಕಡಿಮೆ ಇಲ್ಲದ್ದರಿಂದ ಬಣ್ಣ ಅಚ್ಚ ಬಿಳಿ. ಹೋತವನ್ನು ದೂರ ಕಟ್ಟಿ, ಕೆಚ್ಚಲು ತೊಳೆದು ಕರೆದರೆ ವಾಸನೆ ಅಷ್ಟಾಗಿ ಹಿಡಿಯದು. ಫೋಲೇಟ್ ತೀರಾ ಕಡಿಮೆಯಿರುವುದರಿಂದ ಎಳೆಗೂಸಿಗೆ ಇದೊಂದನ್ನೇ ಕುಡಿಸಬಾರದು. ಯಾರೇ ಕುಡಿದರೂ ಕಾಯಿಸಿಯೇ ಕುಡಿಯಬೇಕು.

ಹಸು ಕೊಳ್ಳಲಾಗದ, ಹೊಲವಿಲ್ಲದ ಮನೆಯೂ ಎರಡು ಮೇಕೆ ಸಾಕಬಲ್ಲದು. ಬದುವಿನ ಸೊಪ್ಪು ಸಾಕು, ಬಸಿರು ಐದೇ ತಿಂಗಳು. ಆ ಮನೆಯ ಹಾಲನ್ನೂ ಕೊಳ್ಳುವ ವ್ಯವಸ್ಥೆ ಹಳ್ಳಿಯ ಡೇರಿಯಲ್ಲಿ ಆಗಬೇಕಿದೆ.