ತೆರೆಯ ಮೇಲಿನ ಕೋಟು, ಅಟ್ಟದ ಮೇಲಿನ ಕಂಬಳಿ

ಉಡುಪಿಗೂ ವೇಷಕ್ಕೂ ಇರುವ ಅಂತರವನ್ನು ಮಲೆನಾಡಿನ ಮಳೆಯಷ್ಟು ಚೆನ್ನಾಗಿ ಬಲ್ಲವರು ಬೇರೆ ಯಾರೂ ಇಲ್ಲ. ವೇಷ ಒಂದು ಸಂಜೆ ನಿಂತರೆ ಸಾಕು. ಉಡುಪು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಾಳಬೇಕು. ಸಕಲೇಶಪುರ, ಆಲೂರು ಸೀಮೆಯ ಗುಡ್ಡಗಳಲ್ಲಿ ಈ ಪರೀಕ್ಷೆಯಲ್ಲಿ ಬಹುಕಾಲ ಗೆದ್ದು ಬಂದದ್ದು ಕಂಬಳಿ ಕೊಪ್ಪೆ. ಪ್ಲಾಸ್ಟಿಕ್ ಬಂದ ಮೇಲೆ ಅದು ಅಟ್ಟ ಸೇರಿತು.

ಅದು ಕೆಳಗಿಳಿದದ್ದು ಒಂದು ವಿಡಿಯೊ ಗೇಮ್‌ನ ದೆಸೆಯಿಂದ ಎಂದರೆ ಓದುಗರು ನಗಬಹುದು. 2007ರಲ್ಲಿ ಯೂಬಿಸಾಫ್ಟ್ ಸಂಸ್ಥೆಯ ಮಾಂಟ್ರಿಯಲ್ ಸ್ಟುಡಿಯೊ ಹೊರತಂದ ‘ಅಸ್ಯಾಸಿನ್ಸ್ ಕ್ರೀಡ್’ ಆಟದ ಕಥೆ ನಡೆಯುವುದು 1191ರಲ್ಲಿ, ಮೂರನೆಯ ಧರ್ಮಯುದ್ಧದ ಕಾಲದಲ್ಲಿ. ನಾಯಕ ಅಲ್ತಾಯಿರ್‌ನ ಹೆಸರಿಗೆ ಹಾರುವವನು ಎಂದರ್ಥ; ಅವನ ಕುಲಾವಿ ಹದ್ದಿನ ಕೊಕ್ಕಿನಂತೆ ಹಣೆಯ ಮೇಲೆ ಚಾಚಿಕೊಂಡಿರುತ್ತದೆ. ಅದನ್ನು ಹೊಲಿದು ತೊಟ್ಟು ಮೆರೆಯುವ ಅಭಿಮಾನಿಗಳು ಲೋಕದ ತುಂಬ ಇದ್ದಾರೆ. ಅಂಥದ್ದೊಂದು ಕೋಟು ಬೇಕೆಂದು ನನ್ನ ಮಗ ಹಟ ಹಿಡಿದಾಗ ನಾನು ಒಂದೇ ಷರತ್ತು ಹಾಕಿದೆ: ಮಳೆಗಾಲವಿಡೀ ತೊಡುವುದಾದರೆ ಮಾತ್ರ ಹೊಲಿದುಕೊಡುತ್ತೇನೆ.

ಚಿತ್ರವನ್ನು ಎದುರಿಗಿಟ್ಟುಕೊಂಡು ನೋಡಿದಾಗ ಆ ಕೊಕ್ಕು ನನಗೆ ಹೊಸದೆನಿಸಲಿಲ್ಲ. ಕಂಬಳಿಯ ತುದಿಯನ್ನು ಮೂಲೆಗೂಡಿಸಿ ಮಡಿಸಿದರೆ ಕೊಪ್ಪೆಗೂ ಅದೇ ಚೂಪು ಬರುತ್ತದೆ. ನೀರು ಕಣ್ಣಿಗಿಳಿಯದೆ ಮುಂದಕ್ಕೆ ಜಾರುತ್ತದೆ. ಉಣ್ಣೆ ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ತೇವವನ್ನು ಹೀರಿಯೂ ಮೈಗೆ ಒದ್ದೆಯೆನಿಸುವುದಿಲ್ಲ. ನೆನೆದರೂ ಬೆಚ್ಚಗಿರುವ ಈ ಗುಣ ಪ್ಲಾಸ್ಟಿಕ್ಕಿಗಿಲ್ಲ. ಅದರೊಳಗೆ ನಾವು ನಮ್ಮ ಬೆವರಿನಲ್ಲೇ ನೆನೆಯುತ್ತೇವೆ.

ಆದರೆ ಮಾವನವರ ಕಂಬಳಿಗೆ ಕತ್ತರಿ ಹಾಕುವುದು ಸುಲಭದ ನಿರ್ಧಾರವಾಗಿರಲಿಲ್ಲ. ಕತ್ತರಿಸದ ಕಂಬಳಿ ಹಗಲು ಕೊಪ್ಪೆ, ರಾತ್ರಿ ಹೊದಿಕೆ, ನೆಂಟರು ಬಂದರೆ ಹಾಸು. ಕತ್ತರಿಸಿದ ಮೇಲೆ ಅದು ಕೋಟು ಮಾತ್ರ. ಇನ್ನೊಂದೆಡೆ, ಅಟ್ಟದಲ್ಲಿದ್ದ ಅದು ಈ ಯಾವುದೂ ಆಗಿರದೆ ನುಸಿಗೆ ಆಹಾರವಾಗುತ್ತಿತ್ತು. ಮನೆಯವರೆಲ್ಲ ಕೂತು ಮಾತಾಡಿ, ನುಸಿ ತಿಂದ ಅಂಚುಗಳನ್ನು ಬಿಟ್ಟು ಗುರುತು ಹಾಕಿದೆವು.

ಆಟದ ಚಿತ್ರಕಾರ ಅಂದಕ್ಕೆಂದು ಹೆಗಲ ಮೇಲೂ ಹೊಲಿಗೆ ಎಳೆಯಬಲ್ಲ. ಅವನಿಗೆ ಮಳೆಯ ಹಂಗಿಲ್ಲ. ನೀರು ಮೊದಲು ನುಗ್ಗುವುದೇ ಹೊಲಿಗೆಯ ತೂತಿನಲ್ಲಿ. ಕೊಪ್ಪೆಯ ನೆತ್ತಿ, ಹೆಗಲುಗಳ ಮೇಲೆ ಹೊಲಿಗೆಯೇ ಇರುವುದಿಲ್ಲ ಎಂಬುದನ್ನು ನೆನೆದು, ಹೆಗಲನ್ನು ಒಂದೇ ತುಂಡಿನಲ್ಲಿ ಮಡಿಸಿ ಹೊಲಿಗೆಗಳನ್ನು ಪಕ್ಕೆಗಿಳಿಸಿದೆ. ಕೈ ಎತ್ತಲು ಕಂಕುಳಲ್ಲಿ ಚೌಕದ ತೇಪೆ. ಒಳಗೆ ಹತ್ತಿಯ ಅಸ್ತರಿ. ಬಿಚ್ಚಿಕೊಳ್ಳುವ ಅಂಚಿಗೆಲ್ಲ ಪಟ್ಟಿ. ದಪ್ಪ ನೇಯ್ಗೆಗೆ 18ನೇ ನಂಬರಿನ ಸೂಜಿ, ಉದ್ದನೆಯ ಹೊಲಿಗೆ. ನಾಯಕನ ಬಾಲದಂಥ ನೆರಿಗೆಗಳು ಬೈಕಿನ ಚಕ್ರಕ್ಕೆ ಸಿಕ್ಕಾವೆಂದು ಮೊಣಕಾಲಿಗೇ ನಿಲ್ಲಿಸಿದೆ. ಹೆಲ್ಮೆಟ್ ತೊಡುವಾಗ ತೆಗೆದಿಡಲೆಂದು ಕುಲಾವಿಗೆ ಗುಂಡಿಗಳನ್ನಿಟ್ಟೆ.

ಈಗ ಊರಿನಲ್ಲಿ ಅದನ್ನು ಕಂಡ ಹುಡುಗರು ಆಟದ ಹೆಸರು ಹೇಳುತ್ತಾರೆ, ಹಿರಿಯರು ಕೊಪ್ಪೆ ಎನ್ನುತ್ತಾರೆ. ಇಬ್ಬರ ಮಾತೂ ನಿಜ. ಅವನ ಗೆಳೆಯರಿಬ್ಬರು ತಮಗೂ ಬೇಕೆಂದು ಬಂದಿದ್ದಾರೆ. ಅವರ ಮನೆಗಳ ಅಟ್ಟದಲ್ಲಿ ಕಂಬಳಿಯಿಲ್ಲ.

ತೊಡಕಿರುವುದು ಇಲ್ಲೇ. ದಖನಿ ಕುರಿಯ ಒರಟು ಉಣ್ಣೆಗೆ ಕೇಳುವವರಿಲ್ಲದೆ ಕುರಿಗಾರರು ಮಾಂಸದ ತಳಿಗಳತ್ತ ಹೊರಳಿದ್ದಾರೆ. ಹುಣಸೆ ಬೀಜದ ಸರಿ ಹಾಕಿ ಕುಣಿಮಗ್ಗದಲ್ಲಿ ಕಂಬಳಿ ನೇಯುವ ಕುರುಬರ ಮನೆಗಳು ಕಡಿಮೆಯಾಗುತ್ತಿವೆ. ಕುಸುರಿಯನ್ನು ಕೊಂಡಾಡುವ ಭಾಷಣಗಳಿಂದ ಮಗ್ಗ ಆಡುವುದಿಲ್ಲ, ಕೊಳ್ಳುವವರಿಂದ ಆಡುತ್ತದೆ. ಹದಿಹರೆಯದ ಮಕ್ಕಳ ಬಯಕೆ ಎಲ್ಲಿಂದ ಹುಟ್ಟಿತು ಎಂದು ಮೂಗು ಮುರಿಯುವ ಬದಲು, ಅದನ್ನು ಮಗ್ಗದ ಮನೆಯ ಬಾಗಿಲಿಗೆ ಕರೆದೊಯ್ಯುವುದು ಲೇಸು. ಮುಂದಿನ ಎರಡು ಕೋಟುಗಳಿಗೆ ಹೊಸ ಕಂಬಳಿಯನ್ನೇ ಕೊಳ್ಳುವುದೆಂದು ನಾವು ತೀರ್ಮಾನಿಸಿದ್ದೇವೆ.