ಆಟ ಮುಗಿದ ಮೇಲೆ ಉಳಿಯುವ ಹಾಳೆ

ಫುಟ್‌ಬಾಲ್ ಪಂದ್ಯ ನೋಡಲು ಬಂದವರಿಗೆ ಮೈದಾನದ ಬಾಗಿಲಲ್ಲಿ ಚಿಲ್ಲರೆ ಕಾಸಿಗೆ ಮಾರುವ ಹಾಳೆಗೆ ಕಾರ್ಯಕ್ರಮ ಪಟ್ಟಿ ಎನ್ನುತ್ತಾರೆ. ಎರಡೂ ತಂಡಗಳ ಆಟಗಾರರ ಹೆಸರು, ಒಂದಿಷ್ಟು ಜಾಹೀರಾತು, ಇಷ್ಟೇ ಅದರ ಬಂಡವಾಳ. ಅಂಥದೊಂದು ಹಳೆಯ ಹಾಳೆ 2013ರಲ್ಲಿ ಲಂಡನ್ನಿನ ಸೋದಬಿ ಹರಾಜಿನಲ್ಲಿ 35,250 ಪೌಂಡಿಗೆ ಹೋಯಿತು. 1882ರ ಎಫ್.ಎ. ಕಪ್ ಫೈನಲ್‌ನಲ್ಲಿ ಓಲ್ಡ್ ಎಟೋನಿಯನ್ಸ್ ಮತ್ತು ಬ್ಲ್ಯಾಕ್‌ಬರ್ನ್ ರೋವರ್ಸ್ ಸೆಣಸಿದ ದಿನದ ಹಾಳೆ ಅದು.

ಇಂಗ್ಲೆಂಡಿನಲ್ಲಿ ಸಂಬಳಕ್ಕೆ ಆಡುವುದಕ್ಕೆ 1885ರಲ್ಲಿ ಒಪ್ಪಿಗೆ ಸಿಕ್ಕಿತು. 1888ರಲ್ಲಿ 12 ಕ್ಲಬ್‌ಗಳ ಲೀಗ್ ಶುರುವಾಯಿತು. ವಾರವಾರವೂ ಜನ ಸೇರತೊಡಗಿದರು. ಆದರೆ ಚೆಂಡು ಯಾರ ಕಾಲಲ್ಲಿದೆ ಎಂದು ತಿಳಿಯುವುದು ಹೇಗೆ? ಆಗ ಅಂಗಿಯ ಮೇಲೆ ಸಂಖ್ಯೆ ಇರಲಿಲ್ಲ. 1933ರ ಎಫ್.ಎ. ಕಪ್ ಫೈನಲ್‌ನಲ್ಲಿ ಎವರ್ಟನ್‌ನವರು 1ರಿಂದ 11, ಮ್ಯಾಂಚೆಸ್ಟರ್ ಸಿಟಿಯವರು 12ರಿಂದ 22 ತೊಟ್ಟಿದ್ದರು. ಲೀಗಿನಲ್ಲಿ ಸಂಖ್ಯೆ ಕಡ್ಡಾಯವಾದದ್ದು 1939ರಲ್ಲಿ. ಹೀಗಾಗಿ ಹಳೆಯ ಪಟ್ಟಿಯಲ್ಲಿ ಹೆಸರುಗಳನ್ನು ಮೈದಾನದಲ್ಲಿ ನಿಲ್ಲುವ ಕ್ರಮದಲ್ಲೇ ಅಚ್ಚು ಹಾಕುತ್ತಿದ್ದರು: ಗೋಲ್‌ಕೀಪರ್, ಅವನ ಮುಂದೆ ಇಬ್ಬರು, ಆಮೇಲೆ ಮೂವರು, ಎದುರಿಗೆ ಐವರು. ಬದಲಿ ಆಟಗಾರನ ಹೆಸರನ್ನು ಹುಡುಕಬೇಡಿ. ಇಂಗ್ಲಿಷ್ ಲೀಗ್ ಅದಕ್ಕೆ ಒಪ್ಪಿದ್ದು 1965ರಲ್ಲಿ.

ಪಂದ್ಯ ಮುಗಿದರೆ ಹಾಳೆಯ ಕೆಲಸವೂ ಮುಗಿಯಿತು. ಎಸೆದವರೇ ಹೆಚ್ಚು. ಎರಡನೇ ಮಹಾಯುದ್ಧದಲ್ಲಿ ಕಾಗದದ ಬರ ಬಂದು, ಮನೆಯಲ್ಲಿದ್ದ ಎಷ್ಟೋ ಪಟ್ಟಿಗಳು ರದ್ದಿಯ ಪಾಲಾದವು. ಉಳಿದದ್ದಕ್ಕೆ ಬೆಲೆ ಬಂತು, ಬೆಲೆಯ ಹಿಂದೆಯೇ ಮರುಮುದ್ರಣಗಳೂ ಬಂದವು. 1966ರ ವಿಶ್ವಕಪ್ ಫೈನಲ್‌ನ ಪಟ್ಟಿಯನ್ನು ಮತ್ತೆ ಅಚ್ಚು ಹಾಕಿದ್ದಾರೆ. ಕಾಗದದ ದಪ್ಪ ನೋಡದೆ ಕೊಂಡವರು ಪೇಚಿಗೆ ಬೀಳುತ್ತಾರೆ. ಪೆನ್ಸಿಲ್‌ನಲ್ಲಿ ಗೋಲಿನ ಲೆಕ್ಕ ಬರೆದಿದ್ದರೆ ವ್ಯಾಪಾರಿ ಬೆಲೆ ಇಳಿಸುತ್ತಾನೆ. ಚರಿತ್ರೆಗೆ ಬೇಕಾದದ್ದು ಮಾತ್ರ ಆ ಬರಹವೇ. ಅಚ್ಚಾದ ಹನ್ನೊಂದು ಮಂದಿಯಲ್ಲಿ ಯಾರು ಕಡೆಗೆ ಆಡಲಿಲ್ಲ ಎಂಬುದನ್ನು ಅದು ಹೇಳೀತು.

ಇದು ದೂರದ ಊರಿನ ಹವ್ಯಾಸ ಎಂದು ತಳ್ಳಿಹಾಕುವ ಮುನ್ನ ನಮ್ಮ ಲೆಕ್ಕವನ್ನೂ ನೋಡಬೇಕು. 1891ರಲ್ಲಿ ಶುರುವಾದ ಮುಂಬಯಿಯ ರೋವರ್ಸ್ ಕಪ್ ಬ್ರಿಟಿಷ್ ಸೈನಿಕ ತಂಡಗಳ ಸೊತ್ತಾಗಿತ್ತು. 1937ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಕಪ್ ಇಲ್ಲಿಗೇ ಬಂತು. 1946ರಿಂದ 1969ರೊಳಗೆ ಮೈಸೂರು ತಂಡ ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದಿತು. ಮತ್ತೆ ಕರ್ನಾಟಕಕ್ಕೆ ಅದು ದಕ್ಕಿದ್ದು 2023ರಲ್ಲಿ, ಅದೂ ರಿಯಾದ್‌ನಲ್ಲಿ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಪಂದ್ಯ 1-2ರಲ್ಲಿ ಸೋತರೂ ಸ್ವತಂತ್ರ ಭಾರತದ ಮೊದಲ ಗೋಲು ಅದೇ. ಅಂದಿನ ತಂಡದಲ್ಲಿ ಅಹ್ಮದ್ ಖಾನ್, ಧನರಾಜ್, ವಜ್ರವೇಲು ಮುಂತಾದ ನಮ್ಮವರೂ ಇದ್ದರು.

ಇಲ್ಲಿ ವೃತ್ತಿಪರ ಫುಟ್‌ಬಾಲ್ ತಡವಾಗಿ ಬಂತು. ಆಟಗಾರರಿಗೆ ಅನ್ನ ಕೊಟ್ಟದ್ದು ಕಾರ್ಖಾನೆ. 1977ರಲ್ಲಿ ಮೊದಲ ಫೆಡರೇಷನ್ ಕಪ್ ಗೆದ್ದದ್ದು ನಮ್ಮ ಐ.ಟಿ.ಐ. ಕಾರ್ಖಾನೆಯ ತಂಡ, ಸೋತದ್ದು ಮೋಹನ್ ಬಾಗಾನ್! ಹಾಗಾಗಿ ನಮ್ಮ ಆಟದ ಕಾಗದಪತ್ರ ಹುಡುಕಬೇಕಾದದ್ದು ಹರಾಜು ಮಳಿಗೆಯಲ್ಲಲ್ಲ, ಕಾರ್ಖಾನೆ ನೌಕರರ ಮನೆಗಳಲ್ಲಿ. ಪೀಣ್ಯಕ್ಕೆ ಅಂಟಿಕೊಂಡ ಲಗ್ಗೆರೆಯಂಥ ಬಡಾವಣೆಯಲ್ಲಿ ಮನೆ ಬದಲಿಸುವಾಗ ಅಟ್ಟದ ಟ್ರಂಕಿನಿಂದ ಟೂರ್ನಿಯ ಸ್ಮರಣ ಸಂಚಿಕೆಯೋ, ತಂಡದ ಪಟ್ಟಿಯೋ ಹೊರಬಂದರೆ ಅದು ನೇರವಾಗಿ ಗುಜರಿಯವನ ತಕ್ಕಡಿಗೆ ಹೋಗುವ ಸಾಧ್ಯತೆಯೇ ಹೆಚ್ಚು. ಯಾವ ಕಪ್ ಯಾರಿಗೆ ಎಂಬುದು ದಾಖಲೆಗಳಲ್ಲಿದೆ. ಸೆಮಿಫೈನಲ್‌ನಲ್ಲಿ ಎಡಗಡೆ ಆಡಿ, ಸೋತು ಮನೆಗೆ ಬಂದವನ ಹೆಸರು ಇರುವುದು ಆ ಹಾಳೆಯಲ್ಲಿ ಮಾತ್ರ.

ಅಂಥದ್ದು ಸಿಕ್ಕರೆ ತುಕ್ಕು ಹಿಡಿದ ಪಿನ್ನನ್ನು ಮೆಲ್ಲಗೆ ತೆಗೆಯಿರಿ. ಹರಿದಲ್ಲಿ ಸೆಲೋಟೇಪ್ ಬೇಡ, ಲ್ಯಾಮಿನೇಷನ್ ಮೊದಲೇ ಬೇಡ. ಎರಡೂ ಕಾಗದವನ್ನು ಕೆಡಿಸುತ್ತವೆ. ಬಿಸಿಲು, ತೇವ ತಾಗದಂತೆ ಚಪ್ಪಟೆಯಾಗಿ ಇಡಿ. ಅಂಚಿನಲ್ಲಿ ಯಾರೋ ಪೆನ್ಸಿಲ್‌ನಲ್ಲಿ ಗೀಚಿದ ಗೋಲಿನ ಲೆಕ್ಕವಿದ್ದರೆ ರಬ್ಬರಿನಿಂದ ಉಜ್ಜಲು ಹೋಗಬೇಡಿ.